ಹಾಡಿನ ಕೆಳಗಿದ್ದ ಮಾತು

ಕ್ಯಾಸೆಟ್ ಇದ್ದದ್ದು ಅಕ್ಕಿ ಡಬ್ಬಿಯಲ್ಲಿ. ತಂಗಿ ಸುಮಿತ್ರ ಮೊಣಕೈವರೆಗೆ ಕೈ ಇಳಿಸಿ ತಳದಲ್ಲಿ ತಡಕಾಡಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಪ್ಪು ಪೆಟ್ಟಿಗೆಯೊಂದನ್ನು ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟಳು. ಅಂಗೈಗೆ ಅಕ್ಕಿಯ ಧೂಳು ಅಂಟಿತು.

ಸೊರಬದ ಮಳೆಗಾಲ ನಿಮಗೆ ಗೊತ್ತಿದ್ದರೆ ಇದರಲ್ಲಿ ವಿಶೇಷ ಕಾಣಿಸುವುದಿಲ್ಲ. ಅಲ್ಲಿ ಚರ್ಮದ ಬೆಲ್ಟಿನಿಂದ ಹಿಡಿದು ಮದುವೆಯ ಆಲ್ಬಮ್‌ವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅಕ್ಕಿ ತೇವ ಎಳೆದುಕೊಳ್ಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಪ್ಪಿನ ಭರಣಿಗೆ ನಾಲ್ಕು ಕಾಳು ಅಕ್ಕಿ ಹಾಕುವವಳಿಗೆ ಇದು ತಾನಾಗಿಯೇ ಹೊಳೆದಿರಬೇಕು. ಅಕ್ಕಿ ಮುಗಿದಾಗ ಕ್ಯಾಸೆಟ್ ಹೊರಗೆ, ಹೊಸ ಅಕ್ಕಿ ಬಂದಾಗ ಒಳಗೆ. ಸುಮಾರು ಮೂವತ್ತು ವರ್ಷ ಹೀಗೇ ನಡೆದಿತ್ತು.

ವಿಡಿಯೊ ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನನ್ನದೇ ಅಕ್ಷರ: 'ಸುಮಿತ್ರ – ಗಂಗಾಧರ ಮದುವೆ, ಶಿಕಾರಿಪುರ.' ಆಗ ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರನಾಗಿ ಸೇರಿ ಆರು ತಿಂಗಳಾಗಿತ್ತು. ಯಾವ ಚೀಟಿ ಕೈಗೆ ಬಂದರೂ ಅದರ ಮೇಲೆ ಯಾರು, ಏನು, ಎಲ್ಲಿ ಎಂದು ಬರೆಯದೆ ಬಿಡುತ್ತಿರಲಿಲ್ಲ.

"ಮಾಮ, ಇದನ್ನ ಹ್ಯಾಂಗಾದ್ರೂ ಮಾಡಿ ಪೆನ್‌ಡ್ರೈವಿಗೆ ಹಾಕಿಸ್ಕೊಡಿ" ಎಂದಳು ಮಾನಸ. ಸುಮಿತ್ರಳ ಮಗಳು. ಸೊರಬದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. "ನೀವು ಪೇಪರ್‌ನಲ್ಲಿದ್ದೋರು, ನಿಮ್ಗೆ ಎಲ್ಲಾ ಕಡೆ ಗುರ್ತು ಇರ್ತದೆ."

"ಎಂತಕ್ಕೆ ಈಗ ಅದು?" ಎಂದಳು ಸುಮಿತ್ರ, ಡಬ್ಬಿಯ ಮುಚ್ಚಳ ಹಾಕುತ್ತ.

"ಎಂತಕ್ಕೆ ಅಂದ್ರೆ? ಅಪ್ಪನ್ನ ನೋಡ್ಬೇಕು ಅಂತ. ನಿಂಗೆ ಬ್ಯಾಡ ಅಂದ್ರೆ ನೀನು ಅಕ್ಕಿ ಆರಿಸ್ತಾ ಕೂತ್ಕೊ."

ಮಾನಸಳಿಗೆ ಎಂಟು ತಿಂಗಳಾಗಿದ್ದಾಗ ಗಂಗಾಧರ ತೀರಿಕೊಂಡರು. ಕುಪ್ಪಗಡ್ಡೆಯ ಗದ್ದೆಗೆ ಸೊಪ್ಪು ತರಲು ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂತು. ಮಂಗನ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ವಾರ ನಾನು ಪತ್ರಿಕೆಗೆ ನಾಲ್ಕು ಸಾಲಿನ ಸುದ್ದಿ ಕಳಿಸಿದೆ. ಹೆಸರು, ವಯಸ್ಸು, ಊರು, ಪತ್ನಿ ಮತ್ತು ಪುತ್ರಿಯನ್ನು ಅಗಲಿದ್ದಾರೆ. ಬರೆದವನು ಪತ್ನಿಯ ಅಣ್ಣ ಎಂಬುದು ಸುದ್ದಿಗೆ ಸಂಬಂಧಿಸಿದ್ದಲ್ಲ, ಅದನ್ನು ಬರೆಯಲಿಲ್ಲ. ನಾಲ್ಕು ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಆ ಕ್ಯಾಸೆಟ್ಟಿನಲ್ಲಿ ಗಂಗಾಧರ ಒಂದೇ ಒಂದು ಸಲ ಕ್ಯಾಮೆರಾದ ಎದುರು ಮಾತಾಡುತ್ತಾರೆ. ಮದುವೆ ಮುಗಿದು ಮದುಮಕ್ಕಳು ನಮ್ಮ ಮನೆಯ ಹೊಸ್ತಿಲಿಗೆ ಬಂದಾಗ ನಮ್ಮ ಕಡೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಹೆಂಡತಿಯ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಒಡಪು ಕಟ್ಟಿ ಹೇಳಿದರೆ ಮಾತ್ರ ದಾರಿ. ಗಂಗಾಧರ ಬಹಳ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ತುಟಿ ಅಲುಗುತ್ತದೆ. ಆದರೆ ಕೇಳಿಸುವುದು ಸಿನಿಮಾ ಹಾಡು. ಅವರ ಮಾತಿನ ಮೇಲೆ ಸರಿಯಾಗಿ ಒಂದು ಹಾಡು ಕೂತಿದೆ.

"ಆ ವಿಡಿಯೊ ಮಂಜಪ್ಪಂಗೆ ಹಾಡು ಹಾಕಾಕೆ ಬೇರೆ ಜಾಗ ಸಿಗ್ಲಿಲ್ವಾ?" ಎಂದು ಸುಮಿತ್ರ ನನ್ನೆದುರು ಎಷ್ಟು ಸಲ ಅಂದಿದ್ದಾಳೋ ಲೆಕ್ಕವಿಲ್ಲ. ನಾನು ಪ್ರತಿ ಸಲವೂ ಬೇರೆ ಕಡೆ ನೋಡಿದ್ದೇನೆ.

ಮಾತು ಕೇಳಿಸದಿದ್ದರೇನಂತೆ, ಮಾನಸಳಿಗೆ ಅಪ್ಪನ ಒಡಪು ಬಾಯಿಪಾಠ. ಸಣ್ಣವಳಿದ್ದಾಗ ಅಮ್ಮ ಹೇಳಿಕೊಟ್ಟದ್ದು. 'ಕುಪ್ಪಗಡ್ಡೆ ಗದ್ದೆಗೆ ತೆನೆಯೇ ಸಿಂಗಾರ, ಗಂಗಾಧರನ ಮನೆಗೆ ಸುಮಿತ್ರಾನೇ ಬಂಗಾರ.' ಗೆಳತಿಯರ ಮದುವೆಯಲ್ಲಿ ಯಾವುದಾದರೂ ಗಂಡು ಒಡಪಿಗೆ ತಡವರಿಸಿದರೆ ಇವಳು ಮುಂದೆ ಹೋಗಿ, "ನಮ್ಮಪ್ಪಂದು ಒಂದು ಅದೆ, ಹೆಸರು ಬದಲಾಯಿಸಿ ಹೇಳಿ" ಎಂದು ಸಾಲ ಕೊಡುತ್ತಾಳೆ.

ಹೆಸರಿನ ವಿಷಯ ಬಂದಾಗ ನನಗೆ ನೆನಪಾಗುವುದು ನಮ್ಮಜ್ಜಿ. ಗಂಡನ ಹೆಸರನ್ನು ಅವಳು ಒಡಪಿನಲ್ಲಲ್ಲದೆ ಒಮ್ಮೆಯೂ ಹೇಳಿದವಳಲ್ಲ. ಪಹಣಿಗೋ ಕಂದಾಯಕ್ಕೋ ಚಾವಡಿಗೆ ಹೋಗಬೇಕಾದಾಗ ನನ್ನನ್ನು ಕೈಹಿಡಿದು ಕರೆದೊಯ್ಯುತ್ತಿದ್ದಳು. "ಗಂಡನ ಹೆಸರೇನವ್ವ?" ಎಂದು ಮೇಜಿನ ಆಚೆಯಿಂದ ಪ್ರಶ್ನೆ ಬಂದ ಕೂಡಲೇ ನನ್ನ ಬೆನ್ನಿಗೆ ಬೆರಳು ಚುಚ್ಚುತ್ತಿದ್ದಳು. ನಾನು ಕತ್ತು ಎತ್ತಿ ಅಜ್ಜನ ಹೆಸರನ್ನು ಇನಿಷಿಯಲ್ ಸಮೇತ ಕೂಗುತ್ತಿದ್ದೆ. ಖಚಿತವಾದ ಮಾಹಿತಿಯನ್ನು ಸಂಬಂಧಪಟ್ಟವರಿಗೆ ಜೋರಾಗಿ ತಲುಪಿಸುವುದು. ನನ್ನ ವರದಿಗಾರಿಕೆ ಶುರುವಾದದ್ದು ಅಲ್ಲಿಂದಲೇ ಎಂದು ಹಲವು ಸಭೆಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಅದೇ ವರದಿಗಾರ ಮದುವೆಯ ದಿನ ಏನು ಮಾಡಿದ ಎಂಬುದನ್ನು ಯಾವ ಸಭೆಯಲ್ಲೂ ಹೇಳಿಲ್ಲ.

ಗಂಗಾಧರ ಮಾತು ಕಡಿಮೆಯ ಮನುಷ್ಯ. ಅವರ ಕಡೆ ಒಡಪು ಏನಿದ್ದರೂ ಹೆಂಗಸರ ಪಾಲಿಗೆ. ಗಂಡಸರನ್ನು ಹೀಗೆ ಹೊಸ್ತಿಲಲ್ಲಿ ನಿಲ್ಲಿಸಿ ಕಾಡುವ ರೂಢಿ ಇರಲಿಲ್ಲ. ಅವರು ನಿಂತೇ ಇದ್ದರು. ಹೆಂಗಸರು ನಗುತ್ತಿದ್ದರು. ಕ್ಯಾಮೆರಾದ ಪಕ್ಕದಲ್ಲಿದ್ದ ನಾನು, ಇಪ್ಪತ್ತಾರರ ಪ್ರಾಯದವನು, ಜೇಬಿನಲ್ಲಿ ಪತ್ರಿಕೆಯ ಗುರುತಿನ ಚೀಟಿ ಇದ್ದವನು, ಎಲ್ಲರಿಗೂ ಕೇಳುವಂತೆ ಕೂಗಿದೆ: "ಏನ್ರೀ ಭಾವನೋರೆ, ನಿಮ್ ಸೊರಬದಾಗೆ ಹೆಂಡ್ತಿ ಹೆಸ್ರಿಗೂ ಕಂದಾಯ ಹಾಕ್ತಾರೇನು?" ಚಪ್ಪರವೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ನಗುವಿನ ನಡುವೆ ಅವರು ಏನೋ ಹೇಳಿದರು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದೆ ಎಂದು ಯಾರೋ ಕೂಗಿ, ಬಾಗಿಲಿನ ಗುಂಪು ಚದುರಿತು.

ಹದಿನೈದು ದಿನದ ಮೇಲೆ ಮಂಜಪ್ಪನ ಸ್ಟುಡಿಯೊದಲ್ಲಿ ಕ್ಯಾಸೆಟ್ ನೋಡಲು ಕೂತೆ. ಅಲ್ಲಲ್ಲಿ ಹಾಡು ಹಾಕುವುದು ಆಗಿನ ಪದ್ಧತಿ. ಪಂಕ್ತಿ ಊಟಕ್ಕೊಂದು, ಉಡುಗೊರೆ ಕೊಡುವಾಗೊಂದು. ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದರೆ ಚಿತ್ರ ಮಸುಕಾಗುತ್ತದೆಂದು ಮಂಜಪ್ಪ ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆಯೇ ಹಾಡು ಹತ್ತಿಸುತ್ತಿದ್ದ. ಹೊಸ್ತಿಲಿನ ದೃಶ್ಯ ಬಂತು. ನನ್ನ ದನಿ ಕೇಳಿಸಿತು, ನಗುವೂ ಕೇಳಿಸಿತು. ನನ್ನ ನಗು ಅಷ್ಟು ಅಸಹ್ಯವಾಗಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮುಂದೆ ಕೇಳದೆ, "ನಿಲ್ಲಿಸು ಮಂಜಪ್ಪ. ಬರೀ ಗಲಾಟೆ. ಹೊಸ್ತಿಲಿಗೆ ಬಂದಲ್ಲಿಂದ ಅವರು ಒಳಗೆ ಹೋಗೋವರೆಗೂ ಒಂದು ಹಾಡು ಹಾಕು" ಎಂದೆ. ಯಾವ ಹಾಡು ಎಂಬುದನ್ನೂ ನಾನೇ ಹೇಳಿದೆ. ಮಂಜಪ್ಪ, "ಮಾತಿದ್ರೆ ಚಂದ ಅಲ್ರೀ?" ಎಂದು ಒಂದು ಸಲ ಕೇಳಿದ್ದ. ಆ ಮಂಜಪ್ಪ ಈಗಿಲ್ಲ. ಮಾಡದ ತಪ್ಪಿಗೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಬೈಸಿಕೊಂಡಿದ್ದಾನೆ.

ಇರಲಿ, ಕ್ಯಾಸೆಟ್ ಓಡಿಸುವ ಯಂತ್ರಕ್ಕೆ ಬರೋಣ. ವಿಸಿಆರ್ ಆರಿಸುವುದು ಇಂದಿನ ದಿನ ಎತ್ತು ಆರಿಸುವುದಕ್ಕಿಂತ ಕಷ್ಟ. ಎತ್ತಿನ ಹಲ್ಲು ನೋಡಿ ಹೇಳುವವರು ಇನ್ನೂ ಇದ್ದಾರೆ. ನಾನು ರೂಢಿಯಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾರ ಮನೆ, ಯಾವ ಸ್ಥಿತಿ, ಅಭಿಪ್ರಾಯ ಎಂದು ಮೂರು ಕಲಂ ಮಾಡಿಕೊಂಡು ಹೊರಟೆ.

ಮೊದಲನೆಯದು ತಾಳಗುಂದದಲ್ಲಿ, ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಟಿವಿ ಎತ್ತರವಾಗಲೆಂದು ಅದರ ಕೆಳಗೆ ಇಟ್ಟಿದ್ದರು. ಬರೀ ಹಾಕಿ ನೋಡುವ ಯಂತ್ರ, ರೆಕಾರ್ಡ್ ಮಾಡಲಾಗದು. ಮನೆಮಂದಿಯೆಲ್ಲ ಸುತ್ತ ನಿಂತರು. ಒಳಗೆ ರಬ್ಬರ್ ಪಟ್ಟಿ ಕರಗಿ ಡಾಂಬರಿನಂತಾಗಿತ್ತು. "ಒಯ್ಯಿರಿ, ಆದ್ರೆ ಟಿವಿ ಕೆಳಗಿಡೋಕೆ ಒಂದು ಮಣೆ ತಂದ್ಕೊಡಿ" ಎಂದರು ಮೇಷ್ಟರ ಹೆಂಡತಿ. ಎರಡನೆಯದು ಶಿಕಾರಿಪುರದ ಪರಿಚಯದವರೊಬ್ಬರದು. ಒಂದು ಬದಿಗೆ ಸಿಡಿ, ಇನ್ನೊಂದು ಬದಿಗೆ ಕ್ಯಾಸೆಟ್. ಬೆಳ್ಳಿಯ ಬಣ್ಣ, ರಿಮೋಟ್ ಸಮೇತ. ಅಭಿಪ್ರಾಯದ ಕಲಂನಲ್ಲಿ 'ಉತ್ತಮ' ಎಂದು ಬರೆದು ಅಡಿಗೆರೆ ಎಳೆದೆ.

ಅದನ್ನು ಹೊತ್ತುಕೊಂಡು ಶಿಕಾರಿಪುರದ ಖಲೀಲ್ ಸಾಹೇಬರ ಅಂಗಡಿಗೆ ಹೋದೆ. ರೇಡಿಯೊ ಕಾಲದಿಂದ ರಿಪೇರಿ ಮಾಡುತ್ತ ಬಂದವರು. ಈಗ ಮಿಕ್ಸಿ, ಫ್ಯಾನು. ಚೀಲದಿಂದ ಕ್ಯಾಸೆಟ್ ತೆಗೆದು ಯಂತ್ರದ ಬಾಯಿಗೆ ಹಿಡಿದವನ ಮಣಿಕಟ್ಟನ್ನೇ ಅವರು ಹಿಡಿದುಕೊಂಡರು.

"ಏನ್ರೀ ಇದು? ಇದರದ್ದು ಇನ್ನೊಂದು ಕಾಪಿ ಐತಾ?"

"ಇಲ್ಲ."

"ಇಲ್ಲಾಂದ್ಮೇಲೆ ಗುರುತಿಲ್ಲದ ಮಷೀನಿಗೆ ಹಾಕ್ತೀರಲ್ರೀ! ನುಂಗಿ ಬಿಟ್ರೆ? ಮೊದ್ಲು ಹೋದ್ರೂ ಚಿಂತೆ ಇಲ್ಲ ಅನ್ನೋ ಕ್ಯಾಸೆಟ್ ತನ್ರಿ."

ಅಂಥವು ನನ್ನಲ್ಲಿ ಬೇಕಾದಷ್ಟಿದ್ದವು. ನಾನು ವೇದಿಕೆಯ ಮೇಲೆ ಮಾತಾಡಿದ ಕಾರ್ಯಕ್ರಮಗಳವು. ಎರಡು ತಂದುಕೊಟ್ಟೆ. ಬೆಳ್ಳಿಯ ಬಣ್ಣದ ಯಂತ್ರ ಎರಡನ್ನೂ ಚೆನ್ನಾಗಿಯೇ ಓಡಿಸಿತು. ಖಲೀಲ್ ಸಾಹೇಬರು ಕನ್ನಡಕ ಹಣೆಗೇರಿಸಿ ಅದರ ಬೆನ್ನನ್ನು ನೋಡಿ, "ಇದು ಸಾದಾ ಸದ್ದಿಂದು. ಮದುವೆ ಕ್ಯಾಸೆಟ್ ಅಂದ್ರಿ. ಹಾಡು ಹಾಕ್ಯಾರಾ ಮೇಲೆ?" ಎಂದರು.

"ಹಾಕ್ಯಾರೆ" ಎಂದೆ. ಯಾರು ಎಂದು ಹೇಳಲಿಲ್ಲ.

"ಯಾರ್ ತೆಗ್ದಿದ್ದು?"

"ಮಂಜಪ್ಪ."

ಅವರು ಅಟ್ಟದ ಏಣಿ ಹತ್ತಿದರು. ಇಳಿಯುವಾಗ ಕೈಯಲ್ಲಿ ಇನ್ನೊಂದು ಯಂತ್ರ. ಕಪ್ಪು, ಭಾರ, ಮುಂದಿನ ಮುಚ್ಚಳ ಮುರಿದದ್ದು. ವಾರದ ಹಿಂದೆ ವಿಚಾರಿಸಲು ಇಲ್ಲಿಗೆ ಬಂದಾಗ ಇದೇ ಯಂತ್ರವನ್ನು ಕೆಳಗಿನಿಂದಲೇ ನೋಡಿ ಪಟ್ಟಿಗೂ ಸೇರಿಸದೆ ಬಿಟ್ಟಿದ್ದೆ.

"ನೋಡ್ರಿ, ಟೇಪಿನ ಅಂಚಿಗೆ ಒಂದು ಸಣ್ಣ ಗೆರೆ ಇರ್ತದೆ. ಸಾದಾ ಮಷೀನು ಸದ್ದು ಓದೋದು ಅಲ್ಲಿಂದ. ಹಾಡು ಹಾಕೋರು ಆ ಗೆರೆ ಅಳಿಸಿ ಅಲ್ಲೇ ಹಾಕ್ತಿದ್ರು. ಆದ್ರೆ ಒಳ್ಳೆ ಕ್ಯಾಮೆರಾ ಇದ್ರೆ ಅದು ಸದ್ದನ್ನ ಇನ್ನೊಂದು ಕಡೆನೂ ಬರೀತದೆ. ಚಿತ್ರದ ಕೆಳಗೇನೇ. ಅದನ್ನ ಅಳಿಸ್ಬೇಕಂದ್ರೆ ಚಿತ್ರಾನೇ ಅಳಿಸ್ಬೇಕು. ಮಂಜಪ್ಪನ ಕ್ಯಾಮೆರಾ ಬಿಚ್ಚಿ ರಿಪೇರಿ ಮಾಡ್ದೋನು ನಾನೇ. ಅದು ಹೈಫೈ ಕ್ಯಾಮೆರಾ. ಈ ಮಷೀನೂ ಹೈಫೈ."

"ಅಂದ್ರೆ?"

"ಅಂದ್ರೆ ಹಾಡಿನ ಕೆಳಗೆ ಮಾತು ಹಂಗೇ ಐತೆ ಅಂತ."

ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಸುದ್ದಿಮನೆಯಲ್ಲಿ ಒಂದು ಸಾಲು ಕತ್ತರಿಸಿದರೆ ಅದು ಹೋಯಿತು ಎಂದೇ ಅರ್ಥ. ಅದನ್ನು ನಂಬಿಯೇ ನಾನು ಜೀವನವಿಡೀ ಕತ್ತರಿಸಿದ್ದೇನೆ. ಹೋಗದ ಸಾಲಿನ ಎದುರು ಹೇಗೆ ಕೂರಬೇಕೆಂದು ನನಗೆ ಗೊತ್ತಿರಲಿಲ್ಲ.

ಸುಮಿತ್ರಳಿಗೆ ಹೇಳದೆ ಕೇಳುವುದು ಸರಿಯಲ್ಲವೆನಿಸಿ ಸೊರಬಕ್ಕೆ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮಾನಸ ಶಾಲೆಯಲ್ಲಿದ್ದಳು. ವಿಷಯ ಹೇಳಿದೆ. ಅವಳಿಗೆ ಸಂತೋಷವಾಗುತ್ತದೆಂದು ನಾನು ತಿಳಿದಿದ್ದೆ. ಅವಳು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

"ಬ್ಯಾಡ ಅಣ್ಣ."

"ಯಾಕೆ?"

"ಆ ಒಡಪು ಅವ್ರು ಹೇಳಿದ್ದಲ್ಲ. ನಾನು ಕಟ್ಟಿದ್ದು." ತಂತಿಗೆ ಬಟ್ಟೆ ಹಾಕುತ್ತ, ನನ್ನ ಕಡೆ ತಿರುಗದೆ ಹೇಳಿದಳು. "ನಂಗೆ ಆವತ್ತು ಏನೂ ಕೇಳಿಸ್ಲಿಲ್ಲ. ಪಕ್ಕದಾಗೇ ನಿಂತಿದ್ದೆ, ಆದ್ರೂ ಕೇಳಿಸ್ಲಿಲ್ಲ, ಅಷ್ಟು ನಗ್ತಿದ್ರಿ ನೀವೆಲ್ಲ. ಆಮೇಲೆ ಕೇಳಾಕೆ ನಾಚಿಕೆ. ಆಮೇಲೆ ಅವ್ರೇ ಇಲ್ಲ. ಮಗು ಅಪ್ಪ ಏನಂದ್ರು ಅಂತ ಕೇಳ್ತು. ಏನೋ ಒಂದು ಹೇಳ್ಬೇಕಿತ್ತಲ್ಲ."

ಇನ್ನೊಂದು ಬಟ್ಟೆ ಕೊಡವಿ ಮತ್ತೆ ಅಂದಳು: "ಅಷ್ಟು ಜನರ ಮುಂದೆ ಹಂಗೆ ಆಡ್ಕೊಂಡ್ರೆ ಯಾರಿಗೆ ಸಿಟ್ಟು ಬರಲ್ಲ? ಅವ್ರು ಬೈದಿದ್ರೆ? ನಿಮ್ಮ ಹುಡ್ಗಿ ಸಹವಾಸವೇ ಬ್ಯಾಡ ಅಂದಿದ್ರೆ? ಇರೋದು ಅದೊಂದೇ ಮಾತು. ಅದೂ ಬೈಗುಳ ಆದ್ರೆ ಮಾನಸಂಗೆ ಏನ್ ಹೇಳ್ಲಿ?"

ಅವಳಿಗೆ ಗಂಡನ ಮಾತಿನ ಭಯ, ನನಗೆ ನನ್ನ ದನಿಯ ಭಯ. ಯಂತ್ರವನ್ನು ಮರಳಿ ಅಟ್ಟಕ್ಕೆ ಹಾಕಿಸಿ, ಬೆಳ್ಳಿಯ ಬಣ್ಣದ್ದರಲ್ಲೇ ಇಳಿಸಿಕೊಟ್ಟರೆ ಮಾನಸಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು.

ಅವಳೇ ತೀರ್ಮಾನ ಮಾಡಿದಳು. ಭಾನುವಾರ ಬೆಳಿಗ್ಗೆ ಮಗಳೊಡನೆ ಬಸ್ಸಿಳಿದು ನೇರ ಅಂಗಡಿಗೆ ಬಂದಳು. "ಇಷ್ಟು ವರ್ಷ ಅಕ್ಕಿ ಒಳಗೆ ಇಟ್ಟಿದ್ದು ಕೇಳದೆ ಇರಾಕಲ್ಲ" ಎಂದಷ್ಟೇ ನನಗೆ ಹೇಳಿದಳು.

ಖಲೀಲ್ ಸಾಹೇಬರು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. "ಬೂಷ್ಟೇ ಇಲ್ಲಲ್ರೀ! ಎಲ್ಲಿಟ್ಟಿದ್ರಮ್ಮ?" "ಅಕ್ಕಿ ಡಬ್ಬಿಯಾಗೆ." "ಶಭಾಷ್. ಸ್ಟುಡಿಯೊದೋರಿಗೂ ಈ ಬುದ್ಧಿ ಇರ್ಲಿಲ್ಲ ನೋಡ್ರಿ."

ಯಂತ್ರ ಕ್ಯಾಸೆಟ್ಟನ್ನು ನಿಧಾನವಾಗಿ ಒಳಗೆಳೆದುಕೊಂಡಿತು. ಚಪ್ಪರ, ವಾಲಗ, ಹೊಗೆ. ಹೊಸ್ತಿಲು ಬಂತು. ಹಾಡು ಶುರುವಾಯಿತು. ಖಲೀಲ್ ಸಾಹೇಬರು ಒಂದು ಗುಂಡಿ ಒತ್ತಿದರು. ಹಾಡು ನಿಂತಿತು.

ಮೊದಲು ಕೇಳಿಸಿದ್ದು ಬಳೆಯ ಸದ್ದು, ಮಗುವೊಂದರ ಅಳು. ಆಮೇಲೆ ನನ್ನ ದನಿ. ಕಂದಾಯದ ಮಾತು ಪೂರ್ತಿ, ಸ್ಪಷ್ಟವಾಗಿ. ನಗು. ಮಾನಸ ನನ್ನನ್ನು ನೋಡಿದಳು. ನಾನು ಪರದೆಯನ್ನೇ ನೋಡುತ್ತಿದ್ದೆ. ಗಂಗಾಧರರ ತುಟಿ ಅಲುಗಿತು. ಖಲೀಲ್ ಸಾಹೇಬರು ಸದ್ದು ಏರಿಸಿದರು. ನಗುವಿನ ಕೆಳಗಿನಿಂದ, ತಗ್ಗಿದ, ಅವಸರವಿಲ್ಲದ ಒಂದು ದನಿ ಬಂತು.

"ಕಾಲುಂಗುರ ಬಿಗಿ ಆಗ್ಯದೆ ಅವಳಿಗೆ. ಕೂತ್ಕೊಳ್ಳಲಿ ಮೊದ್ಲು. ಹೆಸರು ಆಮೇಲೆ ಹೇಳ್ತೀನಿ."

ಅಷ್ಟೇ. ಊಟದ ಕೂಗು ಕೇಳಿತು, ಗುಂಪು ಚದುರಿತು, ಇಬ್ಬರೂ ಒಳಗೆ ಹೋದರು.

ಖಲೀಲ್ ಸಾಹೇಬರು ಯಂತ್ರ ನಿಲ್ಲಿಸಿ, ಕೆಲಸವಿಲ್ಲದಿದ್ದರೂ ಅಂಗಡಿಯ ಹೊರಗೆ ಹೋಗಿ ನಿಂತರು.

"ಎರಡು ದಿನ ಬೆರಳು ಊದಿತ್ತು" ಎಂದಳು ಸುಮಿತ್ರ. "ಅಮ್ಮಂಗೂ ಹೇಳಿರ್ಲಿಲ್ಲ ನಾನು. ತೊಡಿಸಿದ್ದು ಅವ್ರೇ ಅಲ್ವಾ... ತೊಡಿಸ್ಬೇಕಾದ್ರೇ ಗೊತ್ತಾಗಿರ್ಬೇಕು."

ಹೇಳುವುದಿದ್ದರೆ ಈಗಲೇ ಹೇಳಬೇಕು ಎನಿಸಿತು. "ಸುಮಿತ್ರ, ಆ ಹಾಡು ಮಂಜಪ್ಪ ಹಾಕಿದ್ದಲ್ಲ. ನಾನು ಹಾಕ್ಸಿದ್ದು."

"ಗೊತ್ತು."

"ಯಾವಾಗಿಂದ?"

"ಮೊದ್ಲ ಸಲ ನೋಡ್ದಾಗಿಂದ. ಆ ಹಾಡನ್ನ ಮೂರು ಹೊತ್ತೂ ಗುನುಗ್ತಾ ತಿರುಗ್ತಿದ್ದೋನು ನೀನೊಬ್ನೇ. ಮಂಜಪ್ಪಂಗೆ ಬೈದ್ರೆ ಒಂದಿನ ನೀನಾಗೇ ಬಾಯಿ ಬಿಡ್ತೀಯ ಅಂದ್ಕೊಂಡಿದ್ದೆ. ಮೂವತ್ತು ವರ್ಷ ಬೇಕಾಯ್ತು ನಿಂಗೆ." ಸಿಟ್ಟಿನ ದನಿಯಾಗಿರಲಿಲ್ಲ. ಸಿಟ್ಟಿದ್ದರೆ ಸುಲಭವಿತ್ತು.

"ಇನ್ನೊಂದ್ಸಲ ಹಾಕ್ರಿ" ಎಂದು ಅವಳು ಹೊರಗಿದ್ದ ಖಲೀಲ್ ಸಾಹೇಬರನ್ನು ಕರೆದಳು. ಈ ಸಲ ಗಂಡನ ಮುಖ ನೋಡಲಿಲ್ಲ. ಪರದೆಗೆ ಹತ್ತಿರ ಹೋಗಿ ಬಗ್ಗಿ, ಚಿತ್ರದ ಕೆಳ ಅಂಚನ್ನು ನೋಡಿದಳು. ಕಾಲು ಕಾಣಿಸುತ್ತಿರಲಿಲ್ಲ. ಮಂಜಪ್ಪ ಸೊಂಟದಿಂದ ಮೇಲಕ್ಕಷ್ಟೇ ತೆಗೆದಿದ್ದ. ನಾನು ಎರಡು ಮಾರು ದೂರದಲ್ಲಿದ್ದೆ, ಎಲ್ಲವನ್ನೂ ನೋಡುವುದೇ ನನ್ನ ಕೆಲಸವಾಗಿತ್ತು. ನಾನೂ ನೋಡಿರಲಿಲ್ಲ.

ಮಾನಸ ತಾಯಿಯ ಹತ್ತಿರ ಬಂದು, ಮೆಲ್ಲಗೆ ಕೇಳಿದಳು: "ಹಂಗಾದ್ರೆ ಆ ಒಡಪು?"

ಸುಮಿತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆಮೇಲೆ ಹೇಳ್ತೀನಿ ಅಂದ್ರಲ್ಲ" ಎಂದಳು. "ಅವ್ರ ಪರವಾಗಿ ನಾನೇ ಹೇಳ್ದೆ."